ಗೆದ್ದವನನ್ನು ಆರು ವರ್ಷ ಬಾಗಿಲಲ್ಲೇ ನಿಲ್ಲಿಸಿದ ಪ್ರಮಾಣವಚನ

ಹೊಸ ಸಂಪುಟ ಪ್ರಮಾಣವಚನ ಸ್ವೀಕರಿಸುವ ದಿನ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಆಟ ಶುರುವಾಗುತ್ತೆ. ಯಾರು ಯಾರ ಹೆಸರಲ್ಲಿ ಪ್ರಮಾಣ ಮಾಡಿದರು ಅಂತ ಪಟ್ಟಿ ಹಾಕೋ ಆಟ. ಒಬ್ಬರು ದೇವರ ಹೆಸರಲ್ಲಿ, ಇನ್ನೊಬ್ಬರು ಮನೆದೇವರ ಹೆಸರಲ್ಲಿ, ಮತ್ತೊಬ್ಬರು ಬುದ್ಧ-ಬಸವ-ಅಂಬೇಡ್ಕರ್ ಹೆಸರಲ್ಲಿ, ಮಗದೊಬ್ಬರು ತಾವು ನಂಬಿದ ಮಠದ ಅಜ್ಜನ ಹೆಸರಲ್ಲಿ. ಸಂಜೆಗೆ ಮೀಮ್‌ಗಳು ರೆಡಿ.

ಆದರೆ ಸಂವಿಧಾನದ ಮೂರನೇ ಅನುಸೂಚಿ ತೆಗೆದು ನೋಡಿ. ಅಲ್ಲಿರೋದು ಎರಡೇ ಆಯ್ಕೆ. ಒಂದು, ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು. ಎರಡು, ದೇವರ ಹೆಸರೆತ್ತದೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡುವುದು. ಯಾವುದನ್ನು ಆರಿಸಿದರೂ ಖುರ್ಚಿ ಅದೇ, ಸಂಬಳ ಅದೇ, ಅಧಿಕಾರ ಅದೇ. ಯಾಕೆ ಇದನ್ನು ಬಿಟ್ಟು ಅದನ್ನು ಆರಿಸಿದೆ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ.

ಈ ಎರಡನೇ ಆಯ್ಕೆ ನಮಗೆ ಎಷ್ಟು ಸಹಜವಾಗಿದೆ ಅಂದ್ರೆ ಅದರ ಹಿಂದೆ ಜಗಳ ಇತ್ತು ಅನ್ನೋದೇ ನೆನಪಿಲ್ಲ. ಜಗಳ ಇತ್ತು. ನಮ್ಮನ್ನಾಳುತ್ತಿದ್ದ ಬ್ರಿಟನ್ನಿನ ಸಂಸತ್ತಿನಲ್ಲೇ, ಜನ ಆರಿಸಿ ಕಳಿಸಿದ ಒಬ್ಬ ಸದಸ್ಯನನ್ನು ಇದೊಂದೇ ವಿಷಯಕ್ಕೆ ಆರು ವರ್ಷ ಹೊರಗಿಟ್ಟರು, ಒಂದು ರಾತ್ರಿ ಬಂಧನದಲ್ಲಿಟ್ಟರು, ಬಟ್ಟೆ ಹರಿಯುವಂತೆ ಎಳೆದು ಹೊರಹಾಕಿದರು. ಆತನ ಹೆಸರು ಚಾರ್ಲ್ಸ್ ಬ್ರಾಡ್ಲಾ. ನಮ್ಮ ಅಜ್ಜಂದಿರ ಕಾಲದ ಕಾಂಗ್ರೆಸ್ಸಿಗರಿಗೆ ಚೆನ್ನಾಗಿ ಗೊತ್ತಿದ್ದ ಹೆಸರು, ಈಗ ನಾವು ಮರೆತಿರುವ ಹೆಸರು. ಸೆಕ್ಯುಲರ್ ಅನ್ನೋ ಪದ ಬೈಗುಳವೋ ಬಿರುದೋ ಅಂತ ಗೊತ್ತಾಗದ ಈ ದಿನಗಳಲ್ಲಿ ಆತನ ಬದುಕನ್ನು ಒಮ್ಮೆ ಪೂರ್ತಿ ಓದಬೇಕು ಅಂತ ನನಗನ್ನಿಸುತ್ತದೆ.

ಪ್ರಶ್ನೆ ಕೇಳಿದ ಹುಡುಗ

ಬ್ರಾಡ್ಲಾ ಹುಟ್ಟಿದ್ದು 1833ರ ಸೆಪ್ಟೆಂಬರ್ 26ರಂದು, ಲಂಡನ್ನಿನ ಪೂರ್ವ ಭಾಗದ ಹಾಕ್ಸ್‌ಟನ್‌ನಲ್ಲಿ. ಅಪ್ಪ ವಕೀಲರೊಬ್ಬರ ಬಳಿ ಗುಮಾಸ್ತ. ಬಡ ಮನೆ. ಹುಡುಗನ ಶಾಲೆ ಹನ್ನೊಂದನೇ ವಯಸ್ಸಿಗೇ ಮುಗಿಯಿತು. ಅಲ್ಲಿಂದ ಮುಂದೆ ಕಚೇರಿಯಲ್ಲಿ ಕಾಗದ ಪತ್ರ ಹೊತ್ತು ಓಡಾಡುವ ಕೆಲಸ, ಆಮೇಲೆ ಕಲ್ಲಿದ್ದಲು ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸ.

ದೇವರನ್ನು ಬೈಯೋ ಮನೆಯಲ್ಲಿ ಬೆಳೆದವನಲ್ಲ ಆತ. ಹದಿಹರೆಯದಲ್ಲೇ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಬಿಷಪ್ ಬರುತ್ತಾರೆ, ಮಕ್ಕಳನ್ನು ತಯಾರು ಮಾಡು ಅಂದಾಗ ಶ್ರದ್ಧೆಯಿಂದ ಓದಲು ಕೂತ. ಇಂಗ್ಲೆಂಡಿನ ಚರ್ಚ್‌ನ 39 ಸೂತ್ರಗಳನ್ನೂ ನಾಲ್ಕು ಸುವಾರ್ತೆಗಳನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಕೆಲವು ಕಡೆ ತಾಳೆಯಾಗಲಿಲ್ಲ. ಪಾದ್ರಿಗೆ ಪತ್ರ ಬರೆದು ವಿವರಣೆ ಕೇಳಿದ. ಪಾದ್ರಿ ವಿವರಣೆ ಕೊಡಲಿಲ್ಲ. ಹುಡುಗನನ್ನು ಮೂರು ತಿಂಗಳು ಪಾಠದಿಂದ ತೆಗೆದುಹಾಕಿ, ನಿಮ್ಮ ಮಗ ನಾಸ್ತಿಕನಾಗುತ್ತಿದ್ದಾನೆ ಅಂತ ಅಪ್ಪನಿಗೆ ಹೇಳಿದ. ಮನೆಯಲ್ಲಿ ಒತ್ತಡ ಹೆಚ್ಚಿತು, ಕೆಲಸಕ್ಕೂ ಕುತ್ತು ಬಂತು. ಕೊನೆಗೆ ಹುಡುಗ ಮನೆ ಬಿಟ್ಟ.

ಹಾಗೆ ಬೀದಿಗೆ ಬಿದ್ದವನಿಗೆ ಜಾಗ ಕೊಟ್ಟಾಕೆ ಎಲೈಜಾ ಶಾರ್ಪಲ್ಸ್. ಟಾಮಸ್ ಪೇನ್‌ನ ಪುಸ್ತಕಗಳನ್ನು ಮುದ್ರಿಸಿದ್ದಕ್ಕೆ ವರ್ಷಗಟ್ಟಲೆ ಜೈಲಿನಲ್ಲಿದ್ದ ರಿಚರ್ಡ್ ಕಾರ್ಲೈಲ್‌ನ ಸಂಗಾತಿಯಾಗಿದ್ದಾಕೆ. ಆಗಲೇ ಕಾರ್ಲೈಲ್ ತೀರಿಕೊಂಡಿದ್ದ, ಆಕೆಯೂ ಕಷ್ಟದಲ್ಲೇ ಇದ್ದಳು. ಪ್ರಶ್ನೆ ಕೇಳಿದ್ದಕ್ಕೆ ಹೊರಹಾಕಿಸಿಕೊಂಡ ಹುಡುಗ, ಪುಸ್ತಕ ಮುದ್ರಿಸಿದ್ದಕ್ಕೆ ಜೈಲು ಕಂಡ ಮನೆ ಸೇರಿದ. ಹದಿನೇಳಕ್ಕೆಲ್ಲ ಭಾಷಣ ಮಾಡೋಕೆ, ಕಿರುಪುಸ್ತಕ ಬರೆಯೋಕೆ ಶುರು ಮಾಡಿದ.

ಭಾಷಣದಿಂದ ಹೊಟ್ಟೆ ತುಂಬುತ್ತದೆಯೇ? ಸಾಲ ಬೆಳೆಯಿತು. 1850ರ ಡಿಸೆಂಬರ್‌ನಲ್ಲಿ ಸೈನ್ಯ ಸೇರಿದ. ಭಾರತಕ್ಕೆ ಹೋಗಿ ನಾಲ್ಕು ಕಾಸು ಮಾಡಿಕೊಳ್ಳೋಣ ಅನ್ನೋ ಆಸೆ ಇತ್ತು. ಅವನನ್ನು ಕಳಿಸಿದ್ದು ಮಾತ್ರ ಐರ್ಲೆಂಡಿಗೆ. ಅಲ್ಲಿ ಬಡ ಗೇಣಿದಾರರನ್ನು ಗುಡಿಸಲಿನಿಂದ ಹೊರಹಾಕುವುದನ್ನು ಕಣ್ಣಾರೆ ಕಂಡ. 1853ರಲ್ಲಿ ಸಂಬಂಧಿಯೊಬ್ಬರು ತೀರಿಕೊಂಡು ಸ್ವಲ್ಪ ಹಣ ಕೈಗೆ ಬಂತು. ಅದನ್ನು ಕಟ್ಟಿ ಸೈನ್ಯದಿಂದ ಬಿಡುಗಡೆ ಪಡೆದು ಲಂಡನ್ನಿಗೆ ಬಂದು ಮತ್ತೆ ವಕೀಲರ ಕಚೇರಿಯ ಗುಮಾಸ್ತನಾದ. ಕಾನೂನು ಕಲಿತಿದ್ದು ಕಾಲೇಜಿನಲ್ಲಲ್ಲ, ಈ ಗುಮಾಸ್ತಗಿರಿಯಲ್ಲಿ. ಮುಂದೆ ದೊಡ್ಡ ದೊಡ್ಡ ವಕೀಲರ ಎದುರು ತನ್ನ ಕೇಸುಗಳನ್ನು ತಾನೇ ವಾದಿಸಿದ.

ನಂಬದವನ ಮಾತಿಗೆ ಬೆಲೆ ಇಲ್ಲ

ಸೆಕ್ಯುಲರಿಸಂ ಅನ್ನೋ ಪದವನ್ನು 1851ರಲ್ಲಿ ಚಲಾವಣೆಗೆ ತಂದದ್ದು ಜಾರ್ಜ್ ಹೋಲಿಯೋಕ್. ಬ್ರಾಡ್ಲಾಗಿಂತ ಹಿರಿಯ, ಸ್ವಭಾವದಲ್ಲಿ ಮೆದು. ಆ ಪದಕ್ಕೆ ಸಂಘಟನೆಯ ಬಲ ಕೊಟ್ಟಿದ್ದು ಬ್ರಾಡ್ಲಾ. 1860ರಿಂದ ನ್ಯಾಷನಲ್ ರಿಫಾರ್ಮರ್ ಪತ್ರಿಕೆ, 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿ. ಊರೂರು ಸುತ್ತಿ ಭಾಷಣ ಮಾಡಿದ. ಕೆಲವು ಕಡೆ ಸಭಾಂಗಣ ಕೊಡುತ್ತಿರಲಿಲ್ಲ, ಕೆಲವು ಕಡೆ ಕಲ್ಲು ಬೀಳುತ್ತಿತ್ತು.

ಇದನ್ನೆಲ್ಲ ಬರೀ ದೇವರಿದ್ದಾನೋ ಇಲ್ಲವೋ ಅನ್ನೋ ಚರ್ಚೆ ಅಂದುಕೊಂಡರೆ ವಿಷಯ ಕೈತಪ್ಪುತ್ತದೆ. ಆಗಿನ ಇಂಗ್ಲಿಷ್ ಕಾನೂನಿನ ಪ್ರಕಾರ ಕೋರ್ಟಿನಲ್ಲಿ ಸಾಕ್ಷಿ ಹೇಳುವವನು ದೇವರನ್ನೂ ದೇವರು ಕೊಡುವ ಶಿಕ್ಷೆಯನ್ನೂ ನಂಬಿರಬೇಕಿತ್ತು. ನಂಬದವನ ಸಾಕ್ಷ್ಯ ನಡೆಯುತ್ತಿರಲಿಲ್ಲ. ಇದರ ಅರ್ಥ ಏನು ಅಂತ ನಿಧಾನವಾಗಿ ಯೋಚಿಸಿ. ನಾಸ್ತಿಕನ ಮನೆಗೆ ಕಳ್ಳ ನುಗ್ಗಿದರೆ, ನೋಡಿದ್ದು ಅವನೊಬ್ಬನೇ ಆಗಿದ್ದರೆ, ಕಳ್ಳ ಬಚಾವ್. ಸಾಲ ಕೊಟ್ಟವನು ನಾಸ್ತಿಕನಾಗಿದ್ದರೆ ಸಾಲಗಾರ ನೆಮ್ಮದಿಯಾಗಿರಬಹುದು. ತನಗೆ ಬರಬೇಕಾದ ಹಣದ ವ್ಯಾಜ್ಯವೊಂದರಲ್ಲಿ ಬ್ರಾಡ್ಲಾನ ಸಾಕ್ಷ್ಯವನ್ನೇ ಹೀಗೆ ತಳ್ಳಿಹಾಕಿದರು. ಆತ ಕೇಸು ಬಿಡಲಿಲ್ಲ. ಕಾನೂನಿನ ತಪ್ಪು ಎಲ್ಲರಿಗೂ ಕಾಣುವ ತನಕ ಜಗ್ಗಿದ. 1869 ಮತ್ತು 1870ರಲ್ಲಿ ಸಾಕ್ಷ್ಯ ಕಾನೂನು ತಿದ್ದುಪಡಿಯಾಗಿ, ಪ್ರಮಾಣದ ಬದಲು ಪ್ರತಿಜ್ಞೆ ಮಾಡಿ ಸಾಕ್ಷಿ ಹೇಳುವ ಅವಕಾಶ ನಾಸ್ತಿಕರಿಗೂ ಸಿಕ್ಕಿತು.

ಧರ್ಮ ಮತ್ತು ಪ್ರಭುತ್ವದ ಸಂಬಂಧ ಅಂದ್ರೆ ಇದು. ತತ್ವಶಾಸ್ತ್ರದ ಕ್ಲಾಸಿನ ವಿಷಯ ಅಲ್ಲ. ನಿನ್ನ ಮಾತಿಗೆ ಕೋರ್ಟಿನಲ್ಲಿ ಬೆಲೆ ಇದೆಯೋ ಇಲ್ಲವೋ, ನಿನ್ನ ಹಣ ವಾಪಸ್ ಬರುತ್ತೋ ಇಲ್ಲವೋ ಅನ್ನೋ ಪ್ರಶ್ನೆ.

1877ರಲ್ಲಿ ಇನ್ನೊಂದು ಕೇಸು ದೇಶವನ್ನೇ ಅಲುಗಾಡಿಸಿತು. ಅಮೆರಿಕದ ವೈದ್ಯ ಚಾರ್ಲ್ಸ್ ನೋಲ್ಟನ್ ಗರ್ಭನಿರೋಧದ ಬಗ್ಗೆ ಬರೆದಿದ್ದ ಪುಟ್ಟ ಪುಸ್ತಕವನ್ನು ಬ್ರಾಡ್ಲಾ ಮತ್ತು ಆನಿ ಬೆಸೆಂಟ್ ಮತ್ತೆ ಮುದ್ರಿಸಿದರು. ಅಶ್ಲೀಲ ಅಂತ ಕೇಸು ಬಿತ್ತು. ಇಬ್ಬರೂ ತಮ್ಮ ವಾದವನ್ನು ತಾವೇ ಮಂಡಿಸಿದರು. ಆರು ತಿಂಗಳ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ರದ್ದಾಯಿತು. ಬ್ರಾಡ್ಲಾ ಬಚಾವಾದ. ಬೆಸೆಂಟ್ ಮಾತ್ರ ದೊಡ್ಡ ಬೆಲೆ ತೆತ್ತರು. ಇಂಥ ಅಭಿಪ್ರಾಯಗಳ ತಾಯಿ ಮಗಳನ್ನು ಸಾಕಲು ಯೋಗ್ಯಳಲ್ಲ ಅಂತ ಕೋರ್ಟು ಮಗಳನ್ನು ಅವರಿಂದ ಕಿತ್ತುಕೊಂಡು ಪಾದ್ರಿ ಗಂಡನಿಗೆ ಕೊಟ್ಟಿತು. ಹೌದು, ಮುಂದೆ ಥಿಯೊಸಾಫಿ ಸೇರಿ, ಭಾರತಕ್ಕೆ ಬಂದು, 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದ ಅದೇ ಬೆಸೆಂಟ್.

ಬೂಟು ಹೊಲಿಯುವವರ ಊರಿಂದ

ಸಂಸತ್ತಿಗೆ ಹೋಗಲು ಬ್ರಾಡ್ಲಾ ಆರಿಸಿಕೊಂಡ ಕ್ಷೇತ್ರ ನಾರ್ಥಾಂಪ್ಟನ್. ಬೂಟು, ಚಪ್ಪಲಿ ಮಾಡುವ ಕಾರ್ಮಿಕರ ಊರು. 1868ರಲ್ಲಿ ಸೋತ. 1874ರಲ್ಲಿ ಎರಡು ಸಲ ನಿಂತು ಎರಡೂ ಸಲ ಸೋತ. 1880ರ ಏಪ್ರಿಲ್‌ನಲ್ಲಿ ಗೆದ್ದ. ಆಗ ಆತನಿಗೆ 46 ವರ್ಷ. ಆ ಊರಿಗೆ ಇಬ್ಬರು ಸದಸ್ಯರು, ಇನ್ನೊಬ್ಬ ಹೆನ್ರಿ ಲಬುಶೇರ್.

1880ರ ಮೇ 3ರಂದು ಸದನಕ್ಕೆ ಹೋದ ಬ್ರಾಡ್ಲಾ ಒಂದು ಸರಳ ಕೋರಿಕೆ ಇಟ್ಟ. ಕೋರ್ಟಿನಲ್ಲಿ ಕಾನೂನು ನನಗೆ ಪ್ರತಿಜ್ಞೆ ಮಾಡಲು ಅವಕಾಶ ಕೊಟ್ಟಿದೆ, ಇಲ್ಲೂ ಹಾಗೇ ಮಾಡುತ್ತೇನೆ ಅನ್ನೋದು ಆತನ ವಾದ. ಸಮಿತಿ ಮಾಡಿದರು. ಸಮಿತಿಯಲ್ಲಿ ಮತ ಸಮ ಬಿದ್ದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಆಗಲ್ಲ ಅಂತ ತೀರ್ಮಾನವಾಯಿತು. ಸರಿ, ಹಾಗಾದ್ರೆ ಎಲ್ಲರಂತೆ ಪ್ರಮಾಣವನ್ನೇ ಮಾಡ್ತೀನಿ ಬಿಡಿ ಅಂದ. ಅದರಲ್ಲಿನ ದೇವರ ಮಾತು ನನಗೆ ಅರ್ಥವಿಲ್ಲದ್ದಾದರೂ ಕೊಟ್ಟ ಮಾತಿಗೆ ನಾನು ಬದ್ಧ ಅಂತ ಬಹಿರಂಗವಾಗಿ ತಿಳಿಸಿದ.

ಎದ್ದಿತು ಗದ್ದಲ. ವಿರೋಧ ಪಕ್ಷದ ಡ್ರಮಂಡ್ ವುಲ್ಫ್, ರಾಂಡಾಲ್ಫ್ ಚರ್ಚಿಲ್ ಮುಂತಾದ ನಾಯಕರಿಗೆ ಸಿಕ್ಕಾಪಟ್ಟೆ ಖುಷಿ. ಧರ್ಮ ಅಪಾಯದಲ್ಲಿದೆ ಅನ್ನೋ ಕೂಗು ಹಾಕಿದರೆ ಪ್ರಧಾನಿ ಗ್ಲಾಡ್‌ಸ್ಟನ್ ಸರ್ಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಬಹುದು ಅಂತ ಅವರಿಗೆ ಬೇಗ ಅರ್ಥವಾಯಿತು. ಈ ತಂತ್ರ ನಮಗೂ ಪರಿಚಿತವೇ ಅಲ್ಲವೇ.

ಇಲ್ಲಿ ಒಂದು ತಮಾಷೆ ಇದೆ. ಬ್ರಾಡ್ಲಾನ ಜೊತೆಗಾರ ಲಬುಶೇರ್‌ಗೂ ದೇವರಲ್ಲಿ ನಂಬಿಕೆ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆತ ಸುಮ್ಮನೆ ಹೋಗಿ ಪ್ರಮಾಣ ಮಾಡಿ ಕೂತ. ಯಾರೂ ತುಟಿ ಬಿಚ್ಚಲಿಲ್ಲ. ಅಂದ್ರೆ ಆ ಪ್ರಮಾಣವಚನ ನಾಸ್ತಿಕರನ್ನು ಹೊರಗಿಡುತ್ತಿರಲಿಲ್ಲ, ತಾನು ನಾಸ್ತಿಕ ಅಂತ ಬಾಯಿಬಿಟ್ಟು ಹೇಳಿದವರನ್ನು ಮಾತ್ರ ಹೊರಗಿಡುತ್ತಿತ್ತು. ನಾನು ಎಂಜಿನಿಯರಿಂಗ್ ಓದಿದವನು. ಒಂದು ಫಿಲ್ಟರ್ ಹಿಡಿಯಬೇಕಾದ್ದನ್ನು ಬಿಟ್ಟು ಪ್ರಾಮಾಣಿಕರನ್ನು ಮಾತ್ರ ಹಿಡಿಯುತ್ತಿದ್ದರೆ ಅದನ್ನು ಕಿತ್ತು ಬಿಸಾಕು ಅಂತಲೇ ನಮಗೆ ಕಲಿಸಿದ್ದು. ಸಂಸತ್ತು ಮಾತ್ರ ಅದನ್ನು ಇನ್ನಷ್ಟು ಬಿಗಿ ಮಾಡಿತು.

ಜೂನ್ 22ರಂದು 275-230 ಮತಗಳಿಂದ ಆತನಿಗೆ ಎರಡೂ ದಾರಿ ಮುಚ್ಚಿದರು. ಮರುದಿನ ಸದನದ ಮುಂದೆ ನಿಂತು ತನ್ನ ವಾದ ಹೇಳಿದ. ಹೊರಗೆ ಹೋಗು ಅಂದರೆ ಹೋಗಲಿಲ್ಲ. ಬಿಗ್ ಬೆನ್ ಗಂಟೆ ಇರುವ ಗೋಪುರದ ಕೋಣೆಯಲ್ಲಿ ಒಂದು ರಾತ್ರಿ ಕೂಡಿಹಾಕಿದರು. ಮರುದಿನ ಬಿಟ್ಟರು, ಯಾಕಂದ್ರೆ ಒಳಗಿಟ್ಟಷ್ಟೂ ಆತ ಹೊರಗೆ ಹೀರೋ ಆಗುತ್ತಿದ್ದ.

ಜುಲೈನಲ್ಲಿ ಗ್ಲಾಡ್‌ಸ್ಟನ್ ಒಂದು ಮಧ್ಯದ ದಾರಿ ಹುಡುಕಿದ. ಪ್ರತಿಜ್ಞೆ ಮಾಡಿ ಕೂರಲಿ, ಕಾನೂನಿನ ಪರಿಣಾಮ ಆತನದೇ ಹೊಣೆ. ಬ್ರಾಡ್ಲಾ ಕೂತ, ಮತ ಹಾಕಿದ, ಒಳ್ಳೆಯ ಸಂಸದೀಯ ಪಟು ಅನ್ನಿಸಿಕೊಂಡ. ತಕ್ಷಣ ಕೇಸು ಬಿತ್ತು. ಕಾನೂನುಬದ್ಧವಾಗಿ ಪ್ರಮಾಣ ಮಾಡದೆ ಹಾಕಿದ ಮತಕ್ಕೆ 500 ಪೌಂಡ್ ದಂಡ ಕಟ್ಟಬೇಕು ಅಂತ. 1881ರ ಮಾರ್ಚ್‌ನಲ್ಲಿ ಕೋರ್ಟು ಆತನ ವಿರುದ್ಧ ತೀರ್ಪು ಕೊಟ್ಟಿತು, ಸ್ಥಾನ ಹೋಯಿತು. ಏಪ್ರಿಲ್‌ನಲ್ಲಿ ನಾರ್ಥಾಂಪ್ಟನ್ ಮತ್ತೆ ಗೆಲ್ಲಿಸಿತು. ಸದನ ಮತ್ತೆ ತಡೆಯಿತು. ಆಗಸ್ಟ್ 3ರಂದು ಒಳಗೆ ಹೋಗಲು ಯತ್ನಿಸಿದಾಗ ಪೊಲೀಸರೂ ಸದನದ ಸಿಬ್ಬಂದಿಯೂ ಸೇರಿ ಮೆಟ್ಟಿಲ ಮೇಲೆ ಎಳೆದಾಡಿ ಅಂಗಳಕ್ಕೆ ದಬ್ಬಿದರು. ಕೋಟು ಹರಿಯಿತು. ಹೊರಗೆ ಸಾವಿರಾರು ಬೆಂಬಲಿಗರು ಕಾಯುತ್ತಿದ್ದರು. ಆತ ಒಂದು ಮಾತು ಹೇಳಿದ್ದರೆ ಗಲಭೆ ಆಗುತ್ತಿತ್ತು. ಹೇಳಲಿಲ್ಲ.

1882ರ ಫೆಬ್ರವರಿಯಲ್ಲಿ ಇನ್ನೂ ವಿಚಿತ್ರ. ನೇರ ಸದನದ ಮೇಜಿನ ಹತ್ತಿರ ನಡೆದು, ಜೇಬಿನಿಂದ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ತೆಗೆದು, ತನಗೆ ತಾನೇ ಪ್ರಮಾಣ ಬೋಧಿಸಿಕೊಂಡು ಸಹಿ ಹಾಕಿದ. ಉಚ್ಚಾಟಿಸಿದರು. ಮಾರ್ಚ್‌ನಲ್ಲಿ ಮತ್ತೆ ಚುನಾವಣೆ, ಮತ್ತೆ ಗೆಲುವು. 1884ರಲ್ಲೂ ಅದೇ ಕಥೆ. ಗೆಲುವಿನ ಅಂತರ ಯಾವ ಸಲವೂ ದೊಡ್ಡದಿರಲಿಲ್ಲ. ಆದರೂ ಆ ಚಮ್ಮಾರರು ತಮ್ಮ ಮತವನ್ನು ವಾಪಸ್ ತಗೊಳ್ಳಲಿಲ್ಲ. ಆತನ ದೇವರಿಲ್ಲದ ಮಾತನ್ನು ಅವರೆಲ್ಲ ಒಪ್ಪಿದ್ದರಿಂದಲ್ಲ. ಅವರಲ್ಲಿ ಎಷ್ಟೋ ಜನ ಭಾನುವಾರ ಪ್ರಾರ್ಥನೆಗೆ ಹೋಗುವವರೇ. ನಾವು ಯಾರನ್ನು ಕಳಿಸಬೇಕು ಅಂತ ಹೇಳೋಕೆ ನೀವ್ಯಾರು ಅನ್ನೋದು ಅವರ ಹಟ.

ನಿನ್ನೆ ಹೊರಗಿದ್ದವರೇ ಇಂದು ಬಾಗಿಲು ಹಾಕಿದರು

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಇದು. ಬ್ರಿಟಿಷ್ ಸಂಸತ್ತಿನ ಬಾಗಿಲಲ್ಲಿ ನಿಂತ ಮೊದಲಿಗ ಬ್ರಾಡ್ಲಾ ಅಲ್ಲ. ಕ್ಯಾಥೊಲಿಕರಿಗೆ 1829ರ ತನಕ ಅಲ್ಲಿ ಪ್ರವೇಶ ಇರಲಿಲ್ಲ. ಪ್ರಮಾಣ ಮಾಡುವುದೇ ತಪ್ಪು ಅನ್ನುವ ಕ್ವೇಕರ್ ಪಂಥದ ಜೋಸೆಫ್ ಪೀಸ್ 1833ರಲ್ಲಿ ಪ್ರತಿಜ್ಞೆ ಮಾಡಿ ಕೂತ. ಯಹೂದಿ ಲಯನೆಲ್ ರಾತ್ಸ್‌ಚೈಲ್ಡ್ 1847ರಲ್ಲೇ ಗೆದ್ದರೂ ಕ್ರೈಸ್ತ ಪ್ರಮಾಣವಚನದಿಂದಾಗಿ 1858ರ ತನಕ ಕೂರಲು ಆಗಲಿಲ್ಲ.

ಪ್ರತಿ ಸಲ ಸಂಸತ್ತು ಮಾಡಿದ್ದು ಒಂದೇ ಕೆಲಸ. ನಿಯಮ ಹಾಗೇ ಇಟ್ಟು, ಗಲಾಟೆ ಮಾಡಿದ ಸಮುದಾಯಕ್ಕೆ ಒಂದು ವಿನಾಯಿತಿ ಕೊಡೋದು. ಸಾಫ್ಟ್‌ವೇರ್ ಗೆಳೆಯರು ಇದನ್ನು ಪ್ಯಾಚ್ ಅಂತಾರೆ. ದೋಷ ಮೂಲ ವಿನ್ಯಾಸದಲ್ಲಿದೆ, ಅದನ್ನು ಮುಟ್ಟದೆ ಮೇಲೆ ತೇಪೆ ಹಾಕುತ್ತಾ ಹೋಗೋದು. ತೇಪೆಯ ತೊಂದರೆ ಏನಪ್ಪಾ ಅಂದ್ರೆ, ಅದು ಹಕ್ಕಲ್ಲ, ಉಪಕಾರ. ಉಪಕಾರ ಪಡೆದವನು ಒಳಗೆ ಹೋದ ಮೇಲೆ ತಾನೂ ಯಜಮಾನನ ಕಡೆಯವನು ಅಂದುಕೊಳ್ಳುತ್ತಾನೆ.

ಆಗಿದ್ದೂ ಅದೇ. ಬ್ರಾಡ್ಲಾ ವಿರುದ್ಧದ ಪ್ರಚಾರದ ದೊಡ್ಡ ದನಿಗಳಲ್ಲಿ ಕ್ಯಾಥೊಲಿಕ್ ಕಾರ್ಡಿನಲ್ ಮ್ಯಾನಿಂಗ್ ಒಬ್ಬ. ಐರ್ಲೆಂಡಿನ ಹಕ್ಕುಗಳ ಪರ ಬ್ರಾಡ್ಲಾ ಜೀವನಪೂರ್ತಿ ಮಾತಾಡಿದ್ದ, ಆದರೂ ಐರಿಷ್ ಸದಸ್ಯರಲ್ಲಿ ಬಹುಪಾಲು ಜನ ಆತನ ವಿರುದ್ಧ ನಿಂತರು. ಐವತ್ತು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತಿದ್ದ ಸಮುದಾಯದವರು. ನಮ್ಮ ಅನ್ಯಾಯ ಬೇರೆ, ಇವನದು ಬೇರೆ; ನಮಗೆ ಕನಿಷ್ಠ ದೇವರಾದರೂ ಇದ್ದಾನೆ ಅನ್ನೋದು ಅವರ ತರ್ಕ.

1883ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರ ಪ್ರತಿಜ್ಞೆಗೆ ಅವಕಾಶ ಕೊಡುವ ಮಸೂದೆ ತಂದಿತು. ಗ್ಲಾಡ್‌ಸ್ಟನ್ ಪರಮ ದೈವಭಕ್ತ. ಬ್ರಾಡ್ಲಾನ ವಿಚಾರಗಳೆಂದರೆ ಆತನಿಗೆ ಹೇಸಿಗೆ. ಆದರೂ ಏಪ್ರಿಲ್ 26ರಂದು ಆತ ಮಾಡಿದ ಭಾಷಣ ಅವನ ಬದುಕಿನ ಅತ್ಯುತ್ತಮ ಭಾಷಣಗಳಲ್ಲಿ ಒಂದು ಅಂತ ಇತಿಹಾಸಕಾರರು ಎಣಿಸುತ್ತಾರೆ. ವಾದದ ತಿರುಳು ಇಷ್ಟು: ಯಾವ ದೇವರಾದರೂ ಆಗಬಹುದು, ಒಬ್ಬ ದೇವರು ಅಂತ ಇದ್ದರೆ ಸಾಕು ಅನ್ನುವ ಪರೀಕ್ಷೆ ಧರ್ಮಕ್ಕೆ ಮಾಡುವ ಗೌರವ ಅಲ್ಲ, ಅವಮಾನ, ಪ್ರಜೆಯ ಹಕ್ಕನ್ನು ನಂಬಿಕೆಗೆ ಕಟ್ಟಿಹಾಕಿದರೆ ನಂಬಿಕೆಯೂ ಕೆಡುತ್ತದೆ. ಮಸೂದೆ ಬಿದ್ದೇಹೋಯಿತು. 292ಕ್ಕೆ 289. ಮೂರೇ ಮತ.

ಕೋರ್ಟಿಗೆ ಹೋದರೆ ಅಲ್ಲೂ ಗೋಡೆ. 1884ರಲ್ಲಿ ಸದನದ ಅಧಿಕಾರಿ ಗಾಸೆಟ್ ವಿರುದ್ಧ ಬ್ರಾಡ್ಲಾ ಹಾಕಿದ ಕೇಸಿನಲ್ಲಿ, ಸದನದ ಒಳಗಿನ ವ್ಯವಹಾರ ಸದನಕ್ಕೆ ಸೇರಿದ್ದು, ನಾವು ಕೈಹಾಕಲ್ಲ ಅಂತ ತೀರ್ಪು ಬಂತು. ತೀರ್ಪು ಬರೆದವರಲ್ಲಿ ಒಬ್ಬ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್, ನಮ್ಮ 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ ಕರಡು ಬರೆದಾತ. ಭಾರತದ ಕೋರ್ಟುಗಳಲ್ಲಿ ಹಿಂದೂಗಳು, ಮುಸ್ಲಿಮರು ಮತ್ತು ಪ್ರಮಾಣಕ್ಕೆ ಆಕ್ಷೇಪ ಇರುವವರು ಪ್ರತಿಜ್ಞೆ ಮಾಡಿ ಸಾಕ್ಷಿ ಹೇಳಬಹುದು ಅಂತ 1873ರ ಕಾಯ್ದೆ ಹೇಳಿಯಾಗಿತ್ತು. ವಸಾಹತಿನಲ್ಲಿ ನಡೆಯುವುದು ಸಾಮ್ರಾಜ್ಯದ ಸಂಸತ್ತಿನಲ್ಲಿ ನಡೆಯುತ್ತಿರಲಿಲ್ಲ ನೋಡಿ.

ಕೊನೆಗೆ ಗೋಡೆ ಬಿದ್ದಿದ್ದು ಸದ್ದಿಲ್ಲದೆ. 1885ರ ಚುನಾವಣೆಯಲ್ಲಿ ಬ್ರಾಡ್ಲಾ ಮತ್ತೆ ಗೆದ್ದ. 1886ರ ಜನವರಿಯಲ್ಲಿ ಹೊಸ ಸಂಸತ್ತು ಸೇರಿದಾಗ ಸ್ಪೀಕರ್ ಆರ್ಥರ್ ಪೀಲ್, ಚುನಾಯಿತ ಸದಸ್ಯ ಪ್ರಮಾಣ ಮಾಡುವುದನ್ನು ತಡೆಯುವ ಹಕ್ಕು ನನಗೂ ಇಲ್ಲ, ಬೇರೆ ಯಾರಿಗೂ ಇಲ್ಲ ಅಂದುಬಿಟ್ಟ. ಅಷ್ಟೇ. ಆಕ್ಷೇಪಗಳನ್ನು ಕೇಳಲೇ ಇಲ್ಲ. ಬ್ರಾಡ್ಲಾ ಎಲ್ಲರಂತೆ ಪ್ರಮಾಣ ಮಾಡಿ ಕೂತ.

ತನ್ನ ಖುರ್ಚಿ ಸಿಕ್ಕಿತು ಅಂತ ಆತ ಸುಮ್ಮನಾಗಲಿಲ್ಲ. ಎರಡು ವರ್ಷ ಕೂತು ಜನರನ್ನು ಒಲಿಸಿ, 1888ರಲ್ಲಿ ಪ್ರಮಾಣಗಳ ಕಾಯ್ದೆಯನ್ನು ಪಾಸು ಮಾಡಿಸಿದ. ಸಂಸತ್ತಿರಲಿ ಕೋರ್ಟಿರಲಿ, ಪ್ರಮಾಣ ಬೇಡ ಅನ್ನುವ ಯಾರೇ ಆದರೂ ಪ್ರತಿಜ್ಞೆ ಮಾಡಬಹುದು. ಕ್ವೇಕರ್‌ಗೆ ಒಂದು, ಯಹೂದಿಗೆ ಒಂದು ಅಂತ ತೇಪೆ ಅಲ್ಲ, ಎಲ್ಲರಿಗೂ ಒಂದೇ ನಿಯಮ.

ಮುಂಬೈಗೆ ಬಂದ ನಾಸ್ತಿಕ

ಆತನನ್ನು ಸಂತ ಮಾಡುವುದು ಬೇಡ. ಸಮಾಜವಾದವನ್ನು ಕಟುವಾಗಿ ವಿರೋಧಿಸಿದ ವ್ಯಕ್ತಿ. 1884ರಲ್ಲಿ ಸಮಾಜವಾದಿ ನಾಯಕ ಹೈಂಡ್‌ಮನ್ ಜೊತೆ ಬಹಿರಂಗ ಚರ್ಚೆಯನ್ನೇ ನಡೆಸಿದ. ಆಮೇಲೆ ಬೆಸೆಂಟ್ ಸಮಾಜವಾದದ ಕಡೆ ಹೊರಳಿದಾಗ ಇಬ್ಬರ ದಾರಿ ಬೇರೆಯಾಯಿತು. ಮನೆಯ ಬದುಕಿನಲ್ಲಿ ಸುಖ ಕಡಿಮೆ: ಹೆಂಡತಿಯಿಂದ ದೂರ, ಮಗ ಎಳವೆಯಲ್ಲೇ ತೀರಿಕೊಂಡ, ಮಗಳು ಆಲಿಸ್ 1888ರಲ್ಲಿ ಹೋದಳು. ಕೋರ್ಟು ಖರ್ಚಿನ ಸಾಲ ಸಾಯುವ ತನಕ ಬೆನ್ನು ಬಿಡಲಿಲ್ಲ.

ಕೊನೆಯ ವರ್ಷಗಳಲ್ಲಿ ಆತನ ಗಮನವೆಲ್ಲ ಭಾರತದ ಮೇಲೆ. ಭಾರತದ ವಿಷಯಗಳನ್ನು ಎಷ್ಟು ಸಲ ಎತ್ತಿದ ಅಂದ್ರೆ ಭಾರತದ ಸದಸ್ಯ ಅನ್ನೋ ಅಡ್ಡಹೆಸರೇ ಬಂತು. 1889ರಲ್ಲಿ ಕಾಯಿಲೆ ಬಿದ್ದು ಚೇತರಿಸಿಕೊಳ್ಳುತ್ತಿದ್ದವನು ಹಡಗು ಹತ್ತಿ ಮುಂಬೈಗೆ ಬಂದು ಡಿಸೆಂಬರ್‌ನ ಕಾಂಗ್ರೆಸ್ ಅಧಿವೇಶನದಲ್ಲಿ ಭಾಗವಹಿಸಿದ. 1889ನೇ ಇಸವಿಯ ಆ ಅಧಿವೇಶನಕ್ಕೆ ಬಂದ ಪ್ರತಿನಿಧಿಗಳೂ 1889. ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು ತುಂಬಿದ್ದ ಸಭೆ ದೇವರನ್ನು ನಂಬದ ಈ ಇಂಗ್ಲಿಷ್‌ನವನನ್ನು ಜೈಕಾರ ಹಾಕಿ ಬರಮಾಡಿಕೊಂಡಿತು. ಭಾರತದ ಶಾಸನ ಸಭೆಗಳಿಗೆ ಚುನಾಯಿತ ಸದಸ್ಯರು ಬೇಕು ಅನ್ನುವ ಮಸೂದೆಯನ್ನು 1890ರಲ್ಲಿ ಆತ ಕಾಮನ್ಸ್‌ನಲ್ಲಿ ಮಂಡಿಸಿದ. ಅದು ಕಾನೂನಾಗಲಿಲ್ಲ.

1891ರ ಜನವರಿ 27ರಂದು, 1880ರಲ್ಲಿ ಆತನನ್ನು ಹೊರಗಿಟ್ಟ ನಿರ್ಣಯವನ್ನು ದಾಖಲೆಯಿಂದ ತೆಗೆದುಹಾಕಲು ಹೌಸ್ ಆಫ್ ಕಾಮನ್ಸ್ ಒಪ್ಪಿತು. ಆತ ಆಗ ಪ್ರಜ್ಞೆ ಇಲ್ಲದೆ ಮಲಗಿದ್ದ. ಜನವರಿ 30ರಂದು ತೀರಿಕೊಂಡ, 57ನೇ ವಯಸ್ಸಿನಲ್ಲಿ. ಸುದ್ದಿ ಆತನಿಗೆ ತಲುಪಲೇ ಇಲ್ಲ.

ಬ್ರೂಕ್‌ವುಡ್ ಸ್ಮಶಾನದಲ್ಲಿ ನಡೆದ ಶವಸಂಸ್ಕಾರಕ್ಕೆ ಲಂಡನ್ನಿನಲ್ಲಿದ್ದ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಹೋದರು. ಅವರಲ್ಲಿ 21 ವರ್ಷದ ಕಾನೂನು ವಿದ್ಯಾರ್ಥಿ ಮೋಹನದಾಸ ಗಾಂಧಿ ಒಬ್ಬರು. ವಾಪಸ್ ಬರುವಾಗ ಸ್ಟೇಷನ್ನಿನಲ್ಲಿ ನಾಸ್ತಿಕನೊಬ್ಬ ಪಾದ್ರಿಯನ್ನು ಕೆಣಕುತ್ತಿದ್ದದ್ದನ್ನು ನೋಡಿ ತಮಗೆ ನಾಸ್ತಿಕವಾದದ ಬಗ್ಗೆ ಇದ್ದ ಅಸಮಾಧಾನ ಇನ್ನೂ ಹೆಚ್ಚಾಯಿತು ಅಂತ ಗಾಂಧಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೂ ಹೋಗಿದ್ದರು. ನಂಬಿಕೆ ಒಪ್ಪದೆಯೂ ಮನುಷ್ಯನಿಗೆ ಗೌರವ ಸಲ್ಲಿಸಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಲಾಹೋರಿನಲ್ಲಿ ಬ್ರಾಡ್ಲಾ ಹೆಸರಿನಲ್ಲಿ ಒಂದು ಸಭಾಂಗಣ ಕಟ್ಟಿದರು. ಮುಂದೆ ಅಲ್ಲೇ ಲಜಪತ್ ರಾಯ್ ಅವರ ನ್ಯಾಷನಲ್ ಕಾಲೇಜು ನಡೆಯಿತು, ಭಗತ್ ಸಿಂಗ್ ಓದಿದ್ದು ಆ ಕಾಲೇಜಿನಲ್ಲಿ. ಇತ್ತ ನಮ್ಮ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು 1917ರಲ್ಲಿ ಶುರು ಮಾಡಿದ್ದು ಆನಿ ಬೆಸೆಂಟ್. ಪವಾಡಗಳನ್ನು ಪರೀಕ್ಷೆಗೆ ಒಡ್ಡೋಣ ಬನ್ನಿ ಅಂದ ಎಚ್. ನರಸಿಂಹಯ್ಯನವರು ಆ ಶಾಲೆಯಲ್ಲೇ ಓದಿದವರು.

ಕೇಳದಿರುವುದೇ ಸೆಕ್ಯುಲರಿಸಂ

ಇದೆಲ್ಲ ಇಂಗ್ಲೆಂಡಿನ ಕಥೆ, ಅಲ್ಲಿ ಸರ್ಕಾರಿ ಚರ್ಚ್ ಇತ್ತು, ನಮ್ಮದು ಸರ್ವಧರ್ಮ ಸಮಭಾವ, ಇಲ್ಲಿಗೆ ಇದೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇದು: ಎಲ್ಲ ಧರ್ಮಗಳನ್ನೂ ಸಮನಾಗಿ ನೋಡುವುದು ಒಳ್ಳೆಯದೇ, ಆದರೆ ಅದು ಗುಂಪುಗಳಿಗೆ ಸಿಗುವ ರಕ್ಷಣೆ. ಯಾವ ಗುಂಪಿಗೂ ಸೇರದವನ ಗತಿ ಏನು? ತನ್ನದೇ ಗುಂಪಿನ ಜೊತೆ ಜಗಳ ಮಾಡಿಕೊಂಡವಳ ಗತಿ ಏನು? ಅವರನ್ನು ಕಾಯುವುದು ಸಮಭಾವ ಅಲ್ಲ, ನೀನು ಏನನ್ನು ನಂಬುತ್ತೀಯ ಅಂತ ಪ್ರಭುತ್ವ ಕೇಳದೇ ಇರುವ ನಿಯಮ.

ನಮ್ಮ ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. ಪ್ರಮಾಣವಚನದ ಕರಡಿನಲ್ಲಿ ದೇವರ ಹೆಸರು ಇರಲಿಲ್ಲ. ಚರ್ಚೆಯಲ್ಲಿ ಅದು ಸೇರಿತು, ಆದರೆ ಪ್ರತಿಜ್ಞೆಯ ಆಯ್ಕೆಯನ್ನು ತೆಗೆಯಲಿಲ್ಲ. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯೇ ದೇವರ ಹೆಸರಿನಿಂದ ಶುರುವಾಗಲಿ ಅಂತ ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಮಂಗಳೂರಿನಲ್ಲಿ ಹುಟ್ಟಿದ ಕಾಮತರು ಅಪ್ರಾಮಾಣಿಕರೇನಲ್ಲ, ಮನಸಾರೆ ನಂಬಿದವರು. ಮತಕ್ಕೆ ಹಾಕಿದಾಗ 41ಕ್ಕೆ 68ರಿಂದ ಬಿತ್ತು. ಬೀಳಿಸಿದವರಲ್ಲಿ ಹೆಚ್ಚಿನವರು ದೈವಭಕ್ತರೇ. ಗ್ಲಾಡ್‌ಸ್ಟನ್ ಮಾಡಿದ್ದನ್ನೇ ಅವರೂ ಮಾಡಿದರು, ಈ ಸಲ ಗೆದ್ದರು.

ಆದರೂ ಪ್ರಶ್ನೆ ಕೇಳುವ ಚಟ ಪ್ರಭುತ್ವಕ್ಕೆ ಸುಲಭವಾಗಿ ಬಿಡುವಂಥದ್ದಲ್ಲ. 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಿದ್ದರೆ ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ ಅಂತೆಲ್ಲ ಘೋಷಿಸಬೇಕಿತ್ತು. 1954ರ ಕಾಯ್ದೆ ಆ ಘೋಷಣೆಯನ್ನು ತೆಗೆದುಹಾಕಿತು, ಆದರೆ 30 ದಿನದ ನೋಟಿಸನ್ನು ಇಟ್ಟಿತು. ಯಾರು ಯಾರನ್ನು ಮದುವೆಯಾಗುತ್ತಿದ್ದಾರೆ ಅಂತ ಕಚೇರಿ ಗೋಡೆಯ ಮೇಲೆ ಕಂಡಾಗ ಏನೇನು ಆಗಬಹುದು ಅಂತ ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದ ಯಾರನ್ನಾದರೂ ಕೇಳಿ. 2022ರ ಕರ್ನಾಟಕದ ಮತಾಂತರ ಕಾಯ್ದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಘೋಷಣೆ ಕೊಡಬೇಕು ಅಂತ ಹೇಳಿತು. ಯಾವ ಪಕ್ಷ ತಂದಿತು, ಯಾವ ಪಕ್ಷ ವಿರೋಧಿಸಿತು ಅನ್ನೋದು ಬೇರೆ ಮಾತು. ನೀನು ಏನನ್ನು ನಂಬುತ್ತೀಯ ಅಂತ ಅಧಿಕಾರಿ ಕೇಳಬಹುದು, ನೀನು ಉತ್ತರ ಕೊಡಲೇಬೇಕು ಅನ್ನೋದು ಇಲ್ಲಿನ ಮೂಲ ತತ್ವ. ಆ ಪಾದ್ರಿ ಹದಿಹರೆಯದ ಹುಡುಗನಿಗೆ ಮಾಡಿದ್ದೂ ಇದನ್ನೇ.

ನಮ್ಮ ಕಡೆಯವರಿಗೂ ಒಂದು ಮಾತು. ನಮಗೆ ಇಷ್ಟವಾದ ಸಮುದಾಯಕ್ಕೆ ತೊಂದರೆಯಾದಾಗ ಸೆಕ್ಯುಲರಿಸಂ ನೆನಪಾಗುವುದು ಸುಲಭ. ಬ್ರಾಡ್ಲಾನ ಪರ ನಿಲ್ಲುವುದು ಕಷ್ಟವಿತ್ತು. ಒರಟ, ಹಟಮಾರಿ, ಬಹುಸಂಖ್ಯಾತರಿಗೂ ಅಲ್ಪಸಂಖ್ಯಾತರಿಗೂ ಬೇಡದವನು, ಸ್ವತಃ ತನ್ನ ಬಳಗದ ಎಷ್ಟೋ ಜನರಿಗೂ ಬೇಡದವನು. ಒಂದು ದೇಶದಲ್ಲಿ ಧರ್ಮ ಮತ್ತು ಸರ್ಕಾರ ಎಷ್ಟು ದೂರ ಇವೆ ಅಂತ ಅಳೆಯಬೇಕಾದರೆ ಅಂಥವರನ್ನೇ ನೋಡಬೇಕು. ಜನಪ್ರಿಯ ನಂಬಿಕೆಯವರಿಗೆ ಎಲ್ಲ ದೇಶದಲ್ಲೂ ಜಾಗ ಸಿಗುತ್ತದೆ.

ಮುಂದಿನ ಸಲ ಸದನದಲ್ಲಿ ಯಾರಾದರೂ ಯಾವ ದೇವರ ಹೆಸರನ್ನೂ ಹೇಳದೆ ಪ್ರತಿಜ್ಞೆ ಮಾಡಿ ಕೂತರೆ ಅದು ಸುದ್ದಿಯಾಗದಿರಲಿ. ಸುದ್ದಿಯಾಗದಷ್ಟು ಮಾಮೂಲಿಯಾಗಲಿ ಅಂತಲೇ ನಾರ್ಥಾಂಪ್ಟನ್ನಿನ ಬೂಟು ಹೊಲಿಯುವವರು ಮತ್ತೆ ಮತ್ತೆ ಮತಗಟ್ಟೆಗೆ ಹೋದದ್ದು.